ಹಳೆಯ ಕಾರಿಗೆ ಹೊಸ ಕಂಪ್ಯೂಟರ್: ಅಳೆಯಬೇಕಾದದ್ದು ಹೊಗೆಯನ್ನು

ಇಪ್ಪತ್ತು, ಮೂವತ್ತು ವರ್ಷ ದಾಟಿದ ಕಾರು ಇಟ್ಟುಕೊಂಡವರಿಗೆ ಸರ್ಕಾರ ಎರಡು ಮಾತು ಹೇಳುತ್ತಿದೆ. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನೇ ಹಾಕಿಸಿಕೊಳ್ಳಿ ಎನ್ನುವುದು ಒಂದು. ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗಿ ಗಾಡಿಯನ್ನು ಮಾರ್ಪಡಿಸಬೇಡಿ ಎನ್ನುವುದು ಇನ್ನೊಂದು. ಕಾರ್ಬ್ಯುರೇಟರ್ ಇರುವ ಕಾರಿನವರು ಇವೆರಡರ ನಡುವೆ ಹೇಗೋ ದಾರಿ ಮಾಡಿಕೊಳ್ಳುತ್ತಾರೆ. ಒಂದು ಸೈಜ್ ದೊಡ್ಡ ಜೆಟ್ ಹಾಕಿಸಿದರೆ ಯಾರೂ ಕೇಳುವುದಿಲ್ಲ. ಇಂಜೆಕ್ಷನ್ ಕಾರಿನವರಿಗೆ ಆ ಸಲೀಸಿಲ್ಲ. ಪೆಟ್ರೋಲಿನ ಲೆಕ್ಕವೆಲ್ಲ ಒಂದು ಕಂಪ್ಯೂಟರಿನ ಒಳಗಿದೆ. ಆ ಕಂಪ್ಯೂಟರನ್ನು ಬದಲಾಯಿಸುವುದು ರಿಪೇರಿ ಎಂದು ಕಾನೂನು ಬಾಯಿಬಿಟ್ಟು ಒಪ್ಪಬೇಕು, ಅದಕ್ಕೊಂದು ನೇರವಾದ ದಾರಿ ಮಾಡಿಕೊಡಬೇಕು ಎನ್ನುವುದು ನನ್ನ ವಾದ.

ನನ್ನ ವೃತ್ತಿ ಎಲೆಕ್ಟ್ರಾನಿಕ್ಸ್ ರಿಪೇರಿ. ನನ್ನ ಬಳಿ ಇರುವುದು 1986ರ ಪೋರ್ಶೆ 944. ಇಂಗ್ಲೆಂಡಿನಲ್ಲಿ ಡಾಕ್ಟರಾಗಿದ್ದ ಚಿಕ್ಕಪ್ಪ ಅಲ್ಲಿನ ಕೆಲಸ ಬಿಟ್ಟು ಬೆಂಗಳೂರಿಗೆ ಬರುವಾಗ ಹಡಗಿನಲ್ಲಿ ತಂದ ಕಾರು ಅದು. 1982ರಿಂದ 1991ರವರೆಗೆ ಈ ಮಾದರಿಯ 1 ಲಕ್ಷ 60 ಸಾವಿರಕ್ಕೂ ಹೆಚ್ಚು ಕಾರುಗಳು ಜರ್ಮನಿಯಲ್ಲಿ ತಯಾರಾದವು. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ತೂಕ ಎರಡೂ ಕಡೆ ಹಂಚಿಹೋಗಿರುವುದರಿಂದ ತಿರುವುಗಳಲ್ಲಿ ಅದು ನಿಲ್ಲುವ ರೀತಿಯೇ ಬೇರೆ. ಬಾಷ್ ಕಂಪನಿಯ ಮೋಟ್ರಾನಿಕ್ ವ್ಯವಸ್ಥೆ ಇದರ ಮಿದುಳು. ಪೆಟ್ರೋಲ್ ಚಿಮ್ಮಿಸುವುದು, ಕಿಡಿ ಹಾರಿಸುವುದು ಎರಡನ್ನೂ ಒಂದೇ ಕಂಪ್ಯೂಟರಿಗೆ ಒಪ್ಪಿಸಿದ ಈ ವ್ಯವಸ್ಥೆ ಮೊದಲು ಬಂದದ್ದು 1979ರಲ್ಲಿ, ಬಿಎಂಡಬ್ಲ್ಯು 732ಐ ಕಾರಿನಲ್ಲಿ. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಫ್ಲೈವೀಲಿನ ಹಲ್ಲುಗಳನ್ನು ಎಣಿಸಲು ಒಂದು ಸೆನ್ಸರ್, ಸುತ್ತು ಎಲ್ಲಿದೆ ಎಂದು ತಿಳಿಸಲು ಇನ್ನೊಂದು ಸೆನ್ಸರ್, ಕೆಲವೇ ಕಿಲೋಬೈಟಿನ ಒಂದು ಚಿಪ್. ಅಷ್ಟರಲ್ಲೇ ಅದು ಇಷ್ಟು ವರ್ಷ ನಿಯತ್ತಾಗಿ ದುಡಿದಿದೆ.

ಆದರೆ ಅದಕ್ಕೆ ವಯಸ್ಸಾಗಿದೆ. ಗಾಳಿ ಅಳೆಯುವ ಪೆಟ್ಟಿಗೆಯ ಕಪ್ಪು ಮುಚ್ಚಳ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಒಂದು ರೆಕ್ಕೆಯನ್ನು ತಳ್ಳುತ್ತದೆ. ಆ ರೆಕ್ಕೆಗೆ ಜೋಡಿಸಿದ ಸಣ್ಣ ಲೋಹದ ಕಡ್ಡಿ ಕಾರ್ಬನ್ ಪಟ್ಟಿಯ ಮೇಲೆ ಅತ್ತಿತ್ತ ಉಜ್ಜುತ್ತದೆ. ಎಷ್ಟು ಗಾಳಿ ಬಂತು ಎಂದು ಕಂಪ್ಯೂಟರಿಗೆ ತಿಳಿಯುವುದು ಆ ವೋಲ್ಟೇಜಿನಿಂದ. ನನ್ನ ಕಾರಿನ ಪಟ್ಟಿಯಲ್ಲಿ ಕಡ್ಡಿ ಹೆಚ್ಚು ಓಡಾಡುವ ಜಾಗ ಸವೆದು, ಕಪ್ಪು ಬಣ್ಣ ಹೋಗಿ ಕೆಳಗಿನ ಹಲಗೆ ಕಾಣುತ್ತಿತ್ತು. ಅಲ್ಲಿಗೆ ಬಂದಾಗಲೆಲ್ಲ ವೋಲ್ಟೇಜ್ ಜಿಗಿದು ಎಂಜಿನ್ ಮುಗ್ಗರಿಸುತ್ತಿತ್ತು. ಆ ಸವೆತ ಇದ್ದದ್ದು ಊರೊಳಗಿನ ಓಟದ ವೇಗದಲ್ಲೇ, ಎಂದರೆ ದಿನವೂ ಬೇಕಾದ ಜಾಗದಲ್ಲಿ.

ಇನ್ನೊಂದು ವಿಷಯ ಹೆಚ್ಚು ಮುಖ್ಯ. ಆಗ ಇಂಗ್ಲೆಂಡಿಗೆಂದು ಬಂದ ಈ ಕಾರಿನ ಸೈಲೆನ್ಸರ್ ಪೈಪಿನಲ್ಲಿ ಆಮ್ಲಜನಕದ ಸೆನ್ಸರ್ ಇಲ್ಲ. ಉರಿದ ಮೇಲೆ ಏನಾಯಿತು ಎಂದು ನೋಡುವ ಕಣ್ಣು ಕಂಪ್ಯೂಟರಿಗೆ ಇಲ್ಲವೇ ಇಲ್ಲ. ರುಚಿ ನೋಡದೆ, ಅಳತೆಯ ಚಮಚವನ್ನೇ ನಂಬಿ ಸಾರಿಗೆ ಉಪ್ಪು ಹಾಕಿದ ಹಾಗೆ. ಪೆಟ್ರೋಲ್ ಶುದ್ಧ ಪೆಟ್ರೋಲ್ ಆಗಿದ್ದಷ್ಟು ದಿನ ಆ ಅಳತೆ ಸರಿಯಾಗಿತ್ತು.

2023ರ ಫೆಬ್ರುವರಿಯಲ್ಲಿ ಇ20 ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಕಬ್ಬು ಬೆಳೆಯುವ ರೈತನಿಗೆ, ದೇಶದ ತೈಲ ಆಮದಿನ ವೆಚ್ಚಕ್ಕೆ ಅದರಿಂದ ಒಳ್ಳೆಯದಾಗುವುದಾದರೆ ನನ್ನ ವಿರೋಧವಿಲ್ಲ. ಆದರೆ ಲೆಕ್ಕ ಲೆಕ್ಕವೇ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥನಾಲಿಗೆ 9 ಕಿಲೋ ಸಾಕು. ಇ20ಯಲ್ಲಿ ಅದು ಸುಮಾರು 13.5ಕ್ಕೆ ಬಂದು ನಿಲ್ಲುತ್ತದೆ. ಎಂದರೆ ಅಷ್ಟೇ ಗಾಳಿಗೆ ಸುಮಾರು ಶೇ 9ರಷ್ಟು ಹೆಚ್ಚು ಇಂಧನ ಬಿಡಬೇಕು. ಹೊಸ ಕಾರು ಇದನ್ನು ತಾನೇ ಕಂಡುಕೊಂಡು ಸರಿಪಡಿಸಿಕೊಳ್ಳುತ್ತದೆ. ನನ್ನ ಕಾರಿಗೆ ಅದು ಗೊತ್ತಾಗುವುದೇ ಇಲ್ಲ. ಇಂಧನ ಕಡಿಮೆಯಾಗಿ ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ, ಪಿಕಪ್ ಇಲ್ಲ, ಎಂಜಿನ್ ಬಿಸಿ. 2021ರ ನೀತಿ ಆಯೋಗದ ವರದಿಯೇ, ಶುದ್ಧ ಪೆಟ್ರೋಲಿಗೆಂದು ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ ಮೈಲೇಜ್ ಶೇ 6–7ರಷ್ಟು ಇಳಿಯಬಹುದು ಎಂದಿತ್ತು. ಬಿಡಿಭಾಗ ಬದಲಿಸಿ ಟ್ಯೂನಿಂಗ್ ಮಾಡಿದರೆ ಆ ನಷ್ಟ ತಗ್ಗಿಸಬಹುದು ಎಂಬ ಮಾತೂ ಅದರಲ್ಲೇ ಇತ್ತು. ಆ ಟ್ಯೂನಿಂಗನ್ನು ಹಳೆಯ ಕಾರಿನವರು ಎಲ್ಲಿ, ಹೇಗೆ, ಯಾರ ಒಪ್ಪಿಗೆಯಿಂದ ಮಾಡಿಸಬೇಕು? ಈ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಉತ್ತರ ಇಲ್ಲದ ಕಡೆ ಅಡ್ಡದಾರಿ ಹುಟ್ಟುತ್ತದೆ. ಗಾಳಿ ಪೆಟ್ಟಿಗೆಯಲ್ಲಿ ಐಡಲ್ ಹದಮಾಡುವ ಒಂದು ಸ್ಕ್ರೂ ಇದೆ. ಕೆಲವು ಮೆಕ್ಯಾನಿಕ್‌ಗಳು ಅದನ್ನೇ ತಿರುಗಿಸಿಬಿಡುತ್ತಾರೆ. ಐಡಲ್‌ನಲ್ಲಿ ಪೆಟ್ರೋಲ್ ಅತಿಯಾಗಿ ಹೊಗೆ ಬರುತ್ತದೆ, ಓಟದಲ್ಲಿ ಮಾತ್ರ ಕೊರತೆ ಹಾಗೆಯೇ ಉಳಿಯುತ್ತದೆ. ಇನ್ನು ಕೆಲವರು ಒಳಗಿನ ಸ್ಪ್ರಿಂಗ್ ಚಕ್ರವನ್ನು ಒಂದೊಂದೇ ಹಲ್ಲು ಸಡಿಲಿಸುತ್ತಾರೆ. ಅದು ಅಂದಾಜಿನ ಕೆಲಸ. ‘ಸಾರ್, ಇದಕ್ಕೆ ಇನ್ನೆಷ್ಟು ದಿನ ಅಂತ ಒದ್ದಾಡ್ತೀರಾ, ಗುಜರಿಗೆ ಹಾಕ್ಬಿಡಿ’ ಎಂದು ನನಗೆ ಬುದ್ಧಿ ಹೇಳಿದವರೂ ಇದ್ದಾರೆ.

ನಾನು ಹಿಡಿದದ್ದು ಇನ್ನೊಂದು ದಾರಿ. ಹಳೆಯ ಕಂಪ್ಯೂಟರ್ ಡಬ್ಬಿಯ ಜಾಗದಲ್ಲಿ ಹೊಸ ಇಸಿಯು, ಎಂದರೆ ಎಂಜಿನ್ ನಿಯಂತ್ರಿಸುವ ಹೊಸ ಕಂಪ್ಯೂಟರ್. ಹಳೆಯ ವೈರಿಂಗಿನ ಒಂದು ತಂತಿಯನ್ನೂ ಕತ್ತರಿಸಿಲ್ಲ. 35 ಪಿನ್ನಿನ ಹಳೆಯ ಸಾಕೆಟ್ಟಿಗೆ ನಡುವೆ ಒಂದು ಅಡಾಪ್ಟರ್ ಮಾಡಿಕೊಂಡೆ. ಕನೆಕ್ಟರ್, ತಂತಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕವು, ಎಥನಾಲ್ ತಡೆಯುವ ಇಂಧನದ ಹೋಸ್‌ಗೆ ಜೆ.ಸಿ. ರಸ್ತೆಯ ಅಂಗಡಿಗಳನ್ನು ಹುಡುಕಿದೆ. ಹಳೆಯ ರಬ್ಬರ್ ಹೋಸ್ ಬಿರುಕುಬಿಟ್ಟು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯೇ. ಹಾಗಾಗಿ ಕಂಪ್ಯೂಟರಿಗೂ ಮೊದಲು ಮುಗಿಸಬೇಕಾದ ಕೆಲಸ ಅದು. ಗಾಳಿಯ ರೆಕ್ಕೆಯ ಬದಲು ಈಗ ಮ್ಯಾನಿಫೋಲ್ಡಿನ ಒತ್ತಡ, ಗಾಳಿಯ ಬಿಸಿ ಅಳೆಯುವ ಸೆನ್ಸರ್‌ಗಳಿವೆ. ಸೈಲೆನ್ಸರ್ ಪೈಪಿನಲ್ಲಿ ವೈಡ್‌ಬ್ಯಾಂಡ್ ಆಮ್ಲಜನಕದ ಸೆನ್ಸರ್ ಕೂತಿದೆ. ಇಂಧನದ ಪೈಪಿನಲ್ಲಿ ಎಥನಾಲ್ ಸೆನ್ಸರ್ ಇದೆ. ಈ ಸೆನ್ಸರ್ ಎಥನಾಲ್ ಇಲ್ಲದಿದ್ದರೆ 50 ಹರ್ಟ್ಜ್, ಪೂರ್ತಿ ಎಥನಾಲ್ ಆದರೆ 150 ಹರ್ಟ್ಜ್ ಸಂಕೇತ ಕೊಡುತ್ತದೆ. ಬಂಕ್‌ನಿಂದ ಬಂದು ಮೀಟರ್ ಹಿಡಿದರೆ 70ರ ಆಸುಪಾಸು ತೋರಿಸುತ್ತದೆ: ಶೇ 20. ಇಸಿಯು ಅದನ್ನು ಓದಿ ಇಂಜೆಕ್ಟರ್ ತೆರೆದಿರುವ ಹೊತ್ತನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ನಾಳೆ ಸರ್ಕಾರ ಎಥನಾಲನ್ನು ಇನ್ನೂ ಹೆಚ್ಚಿಸಿದರೂ ಅದು ಹೊಂದಿಕೊಂಡೀತು.

ಈಗ ಎಂಜಿನ್ ಮೊದಲ ಕ್ರ್ಯಾಂಕಿಗೇ ಹಿಡಿಯುತ್ತದೆ. ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡಲ ಮಟ್ಟಕ್ಕೆ ಹೋದರೂ, ಮತ್ತೆ ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿಗೆ ಹತ್ತಿದರೂ ಮುಗ್ಗರಿಸುವುದಿಲ್ಲ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಆಮ್ಲಜನಕದ ಸೆನ್ಸರ್ ಬಂದ ಮೇಲೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿಸುವುದಕ್ಕೂ ಅರ್ಥ ಬಂತು. ಗಾಳಿ–ಇಂಧನದ ಹದ ಕೂದಲೆಳೆಯಷ್ಟೂ ತಪ್ಪದಿದ್ದರೆ ಮಾತ್ರ ಕನ್ವರ್ಟರ್ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್ ಮೂರನ್ನೂ ಒಟ್ಟಿಗೆ ತಗ್ಗಿಸುತ್ತದೆ. ಹುಟ್ಟಿದಾಗ ಇದ್ದದ್ದಕ್ಕಿಂತ ಶುದ್ಧವಾಗಿ ಒಂದು ಹಳೆಯ ಕಾರು ಓಡಬಹುದು. ಹೊಗೆಯ ಬಗ್ಗೆ ನಿಜವಾಗಿ ಚಿಂತೆ ಇರುವ ಯಾವ ಸರ್ಕಾರವಾದರೂ ಬೆನ್ನು ತಟ್ಟಬೇಕಾದ ಕೆಲಸ ಇದು.

ನಮ್ಮ ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. ಎಂಜಿನ್ ನಂಬರ್, ಚಾಸಿ ನಂಬರ್, ಸಿಸಿ ಇವೆಲ್ಲ ಆರ್‌ಸಿಯಲ್ಲಿವೆ, ಇಸಿಯು ಇಲ್ಲ. ಆದರೆ ‘ಇಲ್ಲ’ ಎನ್ನುವುದನ್ನೇ ‘ಮಾಡಬಹುದು’ ಎಂದು ಓದಲು ಯಾರಿಗೂ ಧೈರ್ಯವಿಲ್ಲ. ಅದೇ ಸೆಕ್ಷನ್ ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಾಗುವ ಕಿಟ್‌ಗಳಿಗೆ ಅವಕಾಶ ಕೊಟ್ಟಿದೆ. ಕಿಟ್ ಪರೀಕ್ಷೆಯಾಗಬೇಕು, ಒಪ್ಪಿಗೆ ಪಡೆಯಬೇಕು, ತಿಳಿದವರೇ ಜೋಡಿಸಬೇಕು. ಇಡೀ ಇಂಧನವನ್ನೇ ಬದಲಿಸಲು ಇರುವ ಈ ದಾರಿ, ಬಂಕ್‌ನಲ್ಲಿ ಕೊಡುವ ಪೆಟ್ರೋಲಿಗೆ ಎಂಜಿನನ್ನು ಹೊಂದಿಸಲು ಯಾಕಿರಬಾರದು?

ಹೊರಗೆ ಇದಕ್ಕೆ ಮಾದರಿಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಬೇರೆ ಕಂಪನಿಯ ಭಾಗದಿಂದ ಹೊಗೆ ಹೆಚ್ಚುವುದಿಲ್ಲ ಎಂದು ಪರೀಕ್ಷೆಯಲ್ಲಿ ಸಾಬೀತಾದರೆ ಅಲ್ಲಿನ ವಾಯು ಮಂಡಳಿ ಆ ಭಾಗಕ್ಕೊಂದು ಆದೇಶ ಸಂಖ್ಯೆ ಕೊಡುತ್ತದೆ. ಆಮೇಲೆ ಅದನ್ನು ಕಾನೂನುಬದ್ಧವಾಗಿ ಹಾಕಿಸಬಹುದು. ಬ್ರಿಟನ್ನಿನಲ್ಲಿ 1986ರ ಆಗಸ್ಟ್‌ನಿಂದ 1992ರ ಜುಲೈವರೆಗೆ ರಸ್ತೆಗಿಳಿದ ಪೆಟ್ರೋಲ್ ಕಾರಿನ ಐಡಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 3.5 ಮೀರಬಾರದು. ಎರಡೂ ಕಡೆ ತೀರ್ಪು ಕೊಡುವುದು ಅಳತೆ.

ದುರುಪಯೋಗದ ಭಯ ಸುಳ್ಳಲ್ಲ. ಇದೇ ಇಸಿಯು ಹಿಡಿದು ಸೈಲೆನ್ಸರಿನಲ್ಲಿ ಪಟಾಕಿ ಸದ್ದು ಹೊರಡಿಸುವವರು, ಕನ್ವರ್ಟರ್ ಕಿತ್ತೆಸೆಯುವವರು ಇದ್ದಾರೆ. ಅವರನ್ನು ಹಿಡಿಯಬೇಕು, ದಂಡ ಹಾಕಬೇಕು. ಆದರೆ ಅವರು ಸಿಕ್ಕಿಬೀಳುವುದು ಹೊಗೆ ಮತ್ತು ಸದ್ದಿನ ಪರೀಕ್ಷೆಯಲ್ಲೇ. ಮೂಲ ರೂಪ ಕೆಡುತ್ತದೆ ಎನ್ನುವ ಸಂಗ್ರಾಹಕರಿಗೂ ನನ್ನ ಗೌರವವಿದೆ. ನನ್ನ ಕಾರಿನ ಹಳೆಯ ಡಬ್ಬಿ ಕಪಾಟಿನಲ್ಲಿ ಭದ್ರವಾಗಿದೆ. ಅಡಾಪ್ಟರ್ ತೆಗೆದರೆ ಅದು ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ. ಹೀಗೆ ಹಿಂದಕ್ಕೆ ತರಬಹುದಾದ ಬದಲಾವಣೆಗೆ ಮಾತ್ರ ಒಪ್ಪಿಗೆ ಕೊಡಲಿ.

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇದ್ದವು. ಆ ಹಕ್ಕು ಹಳೆಯ ಇಂಜೆಕ್ಷನ್ ಕಾರುಗಳಿಗೂ ತಲುಪಬೇಕಾದರೆ ಮೂರು ಕೆಲಸ ಆಗಬೇಕು. ಇಸಿಯು ಕಿಟ್‌ಗಳಿಗೆ ಸಿಎನ್‌ಜಿ ಕಿಟ್‌ನಂತೆಯೇ ಪರೀಕ್ಷೆ ಮತ್ತು ಒಪ್ಪಿಗೆ. ಹಾಕಿಸಿದ ಮೇಲೆ ಎಮಿಷನ್ ಟೆಸ್ಟ್ ನಡೆಸಿ ಆರ್‌ಸಿಯಲ್ಲಿ ಒಂದು ಸಾಲಿನ ನಮೂದು. ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಈ ಟ್ಯೂನಿಂಗಿನ ತರಬೇತಿ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರಿಗೆ ವಿಂಟೇಜ್ ಮನ್ನಣೆ ಸಿಗುತ್ತದೆ. ನನ್ನ ಕಾರಿಗೆ ಆ ವಯಸ್ಸಾಗುವುದು 2036ರಲ್ಲಿ. ಅಲ್ಲಿಯವರೆಗೆ ಅದು ಬಂಕ್‌ನಲ್ಲಿ ಸಿಗುವ ಪೆಟ್ರೋಲ್ ಕುಡಿದೇ, ಕಾನೂನಿನ ಒಳಗೇ, ಹೊಗೆ ಉಗುಳದೆ ಓಡಬೇಕು. ಅದಕ್ಕೆ ಬೇಕಾದ ಭಾಗಗಳು, ಕೈಗಳು ಬೆಂಗಳೂರಿನಲ್ಲಿವೆ. ಸರ್ಕಾರ ಕೊಡಬೇಕಾಗಿರುವುದು ಒಂದು ಸ್ಪಷ್ಟ ನಿಯಮ.