ಉತಾರದಲ್ಲಿ ಇಲ್ಲದ ಕಾಯಕ

ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ಹಿನ್ನೀರು ಇಳಿದಾಗ ಹುನ್ನೂರಿನ ವಿಠ್ಠಲ ಗುಡಿ ಮೇಲೆ ಕಾಣಿಸಿಕೊಳ್ಳುತ್ತದೆ. ಜನ ಗಾಡಿ ಮಾಡಿಕೊಂಡು ನೋಡಲು ಬರುತ್ತಾರೆ. ಗುಡಿಯ ಸುತ್ತ ಇದ್ದ ಊರಿನವರು ಎಲ್ಲಿ ಹೋದರು ಎಂದು ಕೇಳುವವರು ಕಡಿಮೆ.

ಅಣೆಕಟ್ಟನ್ನು ಹಳಿಯುವವನು ನಾನಲ್ಲ. ಘಟಪ್ರಭೆಯ 51 ಟಿಎಂಸಿ ನೀರು ಇಲ್ಲಿ ನಿಲ್ಲದಿದ್ದರೆ ಗೋಕಾಕ, ಮೂಡಲಗಿ ಭಾಗದ ಕಬ್ಬು, ಗೋವಿನಜೋಳ ಎಲ್ಲಿಯದು? ನಮ್ಮ ದಾಸೋಹಕ್ಕೆ ಬರುವ ಕಾಳು, ಬೆಲ್ಲದಲ್ಲೂ ಆ ನೀರಿದೆ. ಅದಕ್ಕೇ ಈ ಮಾತು ಮಠದ ಪತ್ರಿಕೆಯಲ್ಲಿ ಬರಬೇಕು.

ನಾನು ಸೇವೆಯಲ್ಲಿದ್ದಾಗ ಬೇರೊಂದು ಯೋಜನೆಯ ಮುಳುಗಡೆ ಊರಿನಲ್ಲಿ ಮನೆಗಳಿಗೆ ಬೆಲೆ ಕಟ್ಟುವ ಕೆಲಸ ಬಂದಿತ್ತು. ಗೋಡೆ, ತೊಲೆ, ಬಾಗಿಲು ಎಲ್ಲವನ್ನೂ ಅಳತೆ ಪುಸ್ತಕಕ್ಕೆ ಏರಿಸಿದೆ. ಕಂಬಾರರೊಬ್ಬರ ಕುಲುಮೆಯ ಕಲ್ಲು ಮಣ್ಣಿಗೂ ಬೆಲೆ ಹಾಕಿದೆ. "ಸಾಹೇಬ್ರ, ಸುಗ್ಯಾಗ ಕಣಕ್ಕ ಹೋದ್ರ ನನಗ ಆಯ ಬರತೈತ್ರಿ. ಅದನ್ನ ಎಲ್ಲಿ ಬರ್ಕೊಂಡೀರಿ?" ಎಂದು ಆ ಹಿರಿಯರು ಕೇಳಿದರು. ಅದಕ್ಕೆ ಕಾಲಂ ಇರಲಿಲ್ಲ. "ನಿಯಮದಾಗ ಇಲ್ರಿ" ಎಂದು ಮುಂದಿನ ಮನೆಗೆ ನಡೆದೆ. ನಿಯಮದ ಪ್ರಕಾರ ನಾನು ತಪ್ಪಿರಲಿಲ್ಲ. ಆದರೂ ಆ ಪ್ರಶ್ನೆ ನಿವೃತ್ತಿಯಾದ ಮೇಲೂ ನನ್ನನ್ನು ಬಿಟ್ಟಿಲ್ಲ.

1894ರ ಭೂಸ್ವಾಧೀನ ಕಾಯ್ದೆ ನೋಡಿದ್ದು ಆಸ್ತಿಯನ್ನು. ಉತಾರದಲ್ಲಿ ಹೆಸರಿದ್ದವರಿಗೆ ಪರಿಹಾರ. ಕೂಲಿಯವರು, ಆಯಗಾರರು, ಗಂಡನ ಹೆಸರಿನ ಹೊಲದಲ್ಲಿ ಜೀವ ತೇಯ್ದ ಹೆಣ್ಣುಮಕ್ಕಳು ಲೆಕ್ಕದ ಹೊರಗೆ. ಮನುಷ್ಯನನ್ನು ಕಾಯಕದಿಂದ ಗುರುತಿಸಿದ ಶರಣರ ನಾಡಿನಲ್ಲಿ ನಾವು ಸರ್ವೆ ನಂಬರಿನಿಂದ ಗುರುತಿಸಿದೆವು.

ಹೊರಗೂ ಹೀಗೆಯೇ. ಈಜಿಪ್ಟಿನ ಆಸ್ವಾನ್ ಅಣೆಕಟ್ಟಿನ ಕಾಲದಲ್ಲಿ ಅಬು ಸಿಂಬೆಲ್ ಗುಡಿಗಳನ್ನು ಯುನೆಸ್ಕೊ ಮುಂದಾಳತ್ವದಲ್ಲಿ ತುಂಡು ತುಂಡಾಗಿ ಕೊಯ್ದು ಎತ್ತರದಲ್ಲಿ ಮರಳಿ ಕಟ್ಟಿದರು. ಇಂಜಿನಿಯರನಾಗಿ ಆ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ಅದೇ ದಂಡೆಯ ನುಬಿಯಾ ಜನ, ಈಜಿಪ್ಟ್ ಸುಡಾನ್ ಸೇರಿ ಸುಮಾರು ಒಂದು ಲಕ್ಷ, ಊರು ಬಿಟ್ಟರು. ಹತ್ತು ವರ್ಷದಲ್ಲಿ ಅವರನ್ನು ಮೂಲ ನೆಲೆಗೆ ಮರಳಿಸುವುದಾಗಿ ಈಜಿಪ್ಟ್ 2014ರ ಸಂವಿಧಾನದಲ್ಲಿ ಬರೆದುಕೊಂಡಿತು. ಆ ಹತ್ತು ವರ್ಷ ಕಳೆದುಹೋಗಿವೆ. ಜಗತ್ತಿನಲ್ಲಿ ಅಣೆಕಟ್ಟುಗಳಿಂದ ನೆಲೆ ಕಳೆದುಕೊಂಡವರು 4ರಿಂದ 8 ಕೋಟಿ ಎಂದು ವಿಶ್ವ ಅಣೆಕಟ್ಟು ಆಯೋಗ 2000ದಲ್ಲಿ ಅಂದಾಜು ಮಾಡಿತ್ತು.

ನಮ್ಮಲ್ಲಿ 2013ರ ಹೊಸ ಕಾಯ್ದೆ ದಾರಿ ತೆರೆದಿದೆ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಅಲ್ಲೇ ದುಡಿದು ಬದುಕಿದ ಭೂಮಿ ಇಲ್ಲದ ಕೂಲಿಕಾರರು, ಪಾಲಿಗೆ ಮಾಡುವವರು, ಕುಶಲಕರ್ಮಿಗಳೂ ಬಾಧಿತ ಕುಟುಂಬ. ವಿಧವೆಯರು, ಗಂಡ ಬಿಟ್ಟ ಹೆಣ್ಣುಮಕ್ಕಳು ಪ್ರತ್ಯೇಕ ಕುಟುಂಬ.

ಇದೇ ಘಟಪ್ರಭೆ ಮುಂದೆ ಆಲಮಟ್ಟಿಯ ಹಿನ್ನೀರು ಸೇರುತ್ತದೆ. ಆ ಜಲಾಶಯವನ್ನು 524.256 ಮೀಟರಿಗೆ ಏರಿಸಲು ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಗೊತ್ತುಪಡಿಸಿತು. ರೈತನಿಗೆ ಅದು ಸಿಗಲೇಬೇಕು. ಆದರೆ ಮಾತೆಲ್ಲ ಮತ್ತೆ ಎಕರೆಯದೇ. ಎಕರೆ ಇರುವವರಲ್ಲಿ ನಮ್ಮ ಸಮಾಜದವರು ಬಹಳ. ಇಲ್ಲದವರ ಪರವಾಗಿ ನಾವು ಬಾಯಿ ತೆರೆದದ್ದು ಕಡಿಮೆ.

ಮುಳುಗಡೆ ಊರುಗಳ ಮಠಗಳು ಬರುವ ಶ್ರಾವಣದ ಪ್ರವಚನದಲ್ಲಿ ಒಂದು ದಾಖಲೆ ಪುಸ್ತಕ ಇಡಲಿ. ಯಾವ ಜಾತಿಯವರೇ ಇರಲಿ, ಹೆಸರು, ಕಾಯಕ, ಎಷ್ಟು ವರ್ಷದಿಂದ, ಯಾರ ಹೊಲದಲ್ಲಿ ಎಂದು ಬರೆಯಲಿ. ಹೆಣ್ಣುಮಕ್ಕಳಿಗೆ ಬೇರೆಯೇ ಸಾಲು. ಹೊಲದ ಒಡೆಯರೂ ಪಂಚಾಯಿತಿಯವರೂ ಸಹಿ ಹಾಕಲಿ. ನಮೂನೆ ಮಾಡಿಕೊಡಲು, ಅರ್ಜಿ ತುಂಬಲು ನಾನು ಬರುತ್ತೇನೆ. ನನ್ನಂಥ ನಿವೃತ್ತರನ್ನೂ ಕರೆತರುತ್ತೇನೆ. ಊಟ ದಾಸೋಹದಲ್ಲಿ ಆಗುತ್ತದೆ, ಬಸ್ ಚಾರ್ಜು ನಮ್ಮದೇ.