ಐಸಿನ ಅಂಗಳ ಸಾರಿಸುವವರು

ದೀಪಾವಳಿ ರಜೆಗೆ ನೆಮ್ಮಾರಿಗೆ ಬಂದ ಮೊಮ್ಮಗ ಈ ಸಲ ಹೊಸ ರಾಗ ತೆಗೆದ. "ಅಜ್ಜಯ್ಯ, ನಾನು ದೊಡ್ಡವನಾದ ಮೇಲೆ ಜಾಂಬೋನಿ ಡ್ರೈವರ್ ಆಗ್ತೇನೆ!"

"ಮೊದಲು ಓದೋ ಮಾರಾಯ" ಎಂದು ಅವನಜ್ಜಿ ಒಳಗಿನಿಂದಲೇ ಕೂಗಿದಳು. ಅವನು ಮೊಬೈಲಿನಲ್ಲಿ ತೋರಿಸಿದ. ಐಸ್ ಹಾಕಿ ಮೈದಾನದಲ್ಲಿ ಒಂದು ದಡೂತಿ ಗಾಡಿ ನಿಧಾನಕ್ಕೆ ಸುತ್ತು ಹಾಕುತ್ತಿದೆ. ಅದು ಹೋದ ದಾರಿಯೆಲ್ಲ ಕನ್ನಡಿ!

ಮಕ್ಕಳೇ, ನಮ್ಮಲ್ಲಿ ಮಳೆಗಾಲ ಮುಗಿದ ಮೇಲೆ ಅಂಗಳದ ಪಾಚಿ ಹೆರೆದು, ತಟ್ಟಿ, ಸಗಣಿ ಸಾರಿಸುತ್ತಾರಲ್ಲ, ಇದೂ ಅದೇ ಕೆಲಸ. ಆಟಗಾರರ ಸ್ಕೇಟಿನ ಅಲಗಿಗೆ ಐಸೆಲ್ಲ ಗೀರು ಗೀರಾಗುತ್ತದೆ. ಗಾಡಿಯ ಅಡಿಯ ಉದ್ದನೆಯ ಅಲಗು ಅದನ್ನು ತೆಳ್ಳಗೆ ಹೆರೆಯುತ್ತದೆ, ಹೆರೆದ ಪುಡಿ ಗಾಡಿಯ ತೊಟ್ಟಿ ಸೇರುತ್ತದೆ, ಹಿಂದಿನ ಬಟ್ಟೆ ಬಿಸಿನೀರು ಸವರುತ್ತದೆ. ಐಸಿಗೆ ಬಿಸಿನೀರೇ? ಹೌದು. ಅದು ಮೇಲ್ಪದರವನ್ನು ತುಸು ಕರಗಿಸಿ ಅದರ ಜೊತೆಗೇ ಬೆಸೆದು ಗಟ್ಟಿಯಾಗುತ್ತದೆ.

ಇದನ್ನು ಕಂಡುಹಿಡಿದ ಅಮೆರಿಕದ ಫ್ರಾಂಕ್ ಜಾಂಬೋನಿ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು. (ಇದನ್ನು ಅವನಜ್ಜಿಗೆ ಕೇಳದಂತೆ ಹೇಳಿದೆ.) ಐಸ್ ಗಡ್ಡೆ ಮಾರುತ್ತಿದ್ದ, ಮನೆಮನೆಗೆ ಫ್ರಿಜ್ ಬಂದು ವ್ಯಾಪಾರ ಕುಸಿಯಿತು. 1940ರಲ್ಲಿ ಲಾಸ್ ಏಂಜಲೀಸ್ ಬಳಿ ಅಣ್ಣತಮ್ಮಂದಿರು ಸೇರಿ ಸ್ಕೇಟಿಂಗ್ ಅಂಗಳ ತೆರೆದರು. ಅದನ್ನು ನಯ ಮಾಡಲು ಟ್ರ್ಯಾಕ್ಟರ್ ಜೊತೆಗೆ ಮೂರ್ನಾಲ್ಕು ಆಳು ಬೇಕು, ಒಂದು ಗಂಟೆಗೂ ಹೆಚ್ಚು ಹೊತ್ತು. ವರ್ಷಗಟ್ಟಲೆ ತಿಣುಕಿ 1949ರಲ್ಲಿ ಒಬ್ಬನೇ ಓಡಿಸುವ ಯಂತ್ರ ಮಾಡಿದ.

ಡ್ರೈವರ್ ಆಗುವವರು ಸಾಮಾನ್ಯವಾಗಿ ಸಣ್ಣ ಅಂಗಳದಲ್ಲಿ ಸ್ಕೇಟ್ ಹರಿತ ಮಾಡುತ್ತಾ, ಸಲಿಕೆ ಹಿಡಿದು ಮೂಲೆಯ ಐಸ್ ಬಳಿಯುತ್ತಾ, ಜನ ಹೋದ ಮೇಲೆ ಗಾಡಿ ಕಲಿಯುತ್ತಾರೆ. ಐಸ್ ದಪ್ಪ ಇರುವುದೇ ಸುಮಾರು ಒಂದು ಇಂಚು. ಅಲಗು ಆಳಕ್ಕೆ ಇಳಿದರೆ ಒಳಗಿನ ಬಣ್ಣದ ಗೆರೆ ಕೀಳುತ್ತದೆ; ನೀರು ಹೆಚ್ಚಾದರೆ ಆಟ ಶುರುವಾಗುವಷ್ಟರಲ್ಲಿ ಗಟ್ಟಿಯಾಗದು. ದೊಡ್ಡ ಲೀಗಿನಲ್ಲಿ ವಿರಾಮ 18 ನಿಮಿಷ, ಸುತ್ತ ಸಾವಿರಾರು ಕಣ್ಣು. ಎರಡು ಗಾಡಿ ಒಟ್ಟಿಗೆ ಇಳಿಯುತ್ತವೆ.

ಟೊರಾಂಟೊದ ಡೇವಿಡ್ ಏರ್ಸ್ ಇಂಥ ಗಾಡಿ ಓಡಿಸಿದವರು. 2004ರಲ್ಲಿ ಅವರಿಗೆ ತಾಯಿಯೇ ಮೂತ್ರಪಿಂಡ ಕೊಟ್ಟು ಬದುಕಿಸಿಕೊಂಡರು. 2020ರ ಫೆಬ್ರವರಿ 22ರಂದು ಕ್ಯಾರೊಲಿನಾ ತಂಡದ ಇಬ್ಬರು ಗೋಲ್‌ಕೀಪರ್‌ಗಳೂ ಪೆಟ್ಟು ತಿಂದಾಗ, ತುರ್ತಿಗೆಂದು ಕಾದಿದ್ದ 42 ವರ್ಷದ ಏರ್ಸ್ ಅವರನ್ನೇ ಇಳಿಸಿದರು. ಮೊದಲ ಎರಡು ಹೊಡೆತ ಗೋಲಾದವು. ಆಮೇಲಿನ ಎಂಟನ್ನೂ ತಡೆದರು. ತಂಡ 6–3ರಿಂದ ಗೆದ್ದಿತು.

ಇಷ್ಟು ಹೊತ್ತಿಗೆ ಅಜ್ಜಿ ಬಾಗಿಲಿಗೆ ಬಂದು ನಿಂತಿದ್ದಳು. "ಆ ತಾಯಿ ಈಗ ಹೇಗಿದ್ದಾರಂತೆ?" ಎಂದು ಕೇಳಿದಳು. ಗೋಲಿನ ಲೆಕ್ಕ ಅವಳಿಗೆ ಬೇಕಿರಲಿಲ್ಲ.

ಮರುದಿನ ಅಡಿಕೆ ಒಣಗಿಸಲು ಅಂಗಳ ಸಾರಿಸುವುದಿತ್ತು. ಹಾಳೆಯ ತುಂಡನ್ನು ಅವಳೇ ಮೊಮ್ಮಗನ ಕೈಗೆ ಕೊಟ್ಟಳು. ಹುಡುಗ ಹುಮ್ಮಸ್ಸಿನಿಂದ ನಾಲ್ಕೂ ಸುತ್ತ ಬಳಿದ. ಬಳಿದು ಮುಗಿಸಿ ನೋಡಿದರೆ ಹಸಿ ಸಗಣಿಯ ಮಧ್ಯೆ ಒಂಟಿಕಾಲಲ್ಲಿ ನಿಂತಿದ್ದಾನೆ! "ಅಜ್ಜಯ್ಯ, ಜಾಂಬೋನಿಯವರು ಹೊರಗೆ ಹೇಗೆ ಬರ್ತಾರೆ?"

"ಬಾಗಿಲ ಕಡೆಗೆ ಮುಗಿಸ್ತಾರೆ ಕಣೋ" ಎಂದು ಅಜ್ಜಿಯೇ ಉತ್ತರ ಕೊಟ್ಟಳು.