ಹವ್ಯಾಸಿಗಳ ರಾಕೆಟ್ಟು ಮತ್ತು ನಮ್ಮ ಅಳತೆಗೋಲು

“ನೂರಕ್ಕೆ ಆರೂವರೆ ಅಂಕ! ಇದನ್ನು ಪಾಸೆನ್ನುತ್ತೀಯೋ, ನಪಾಸೆನ್ನುತ್ತೀಯೋ?”

ನನ್ನ ಸಹಪಾಠಿಯೊಬ್ಬನು ಹೀಗೆ ಕೇಳಿ ನಕ್ಕನು. ಡೆನ್ಮಾರ್ಕ್ ದೇಶದ ಕೆಲವು ಹವ್ಯಾಸಿಗಳು ಕಟ್ಟುತ್ತಿರುವ ರಾಕೆಟ್ಟಿನ ವೃತ್ತಾಂತವನ್ನು ನಾನು ಅವನಿಗೆ ಹೇಳುತ್ತಿದ್ದೆನು. ನೂರು ಕಿಲೋಮೀಟರ್ ಎತ್ತರಕ್ಕೆ ಮನುಷ್ಯನನ್ನು ಕಳುಹಿಸುತ್ತೇವೆಂದು 2008ರಲ್ಲಿ ಹೊರಟವರು ಹತ್ತು ವರ್ಷ ದುಡಿದು, 2018ರಲ್ಲಿ ಹಾರಿಸಿದ ರಾಕೆಟ್ಟು ಏರಿದ್ದು ಸುಮಾರು ಆರೂವರೆ ಕಿಲೋಮೀಟರ್. ಗೆಳೆಯನ ಲೆಕ್ಕ ತಪ್ಪಲ್ಲ. ಆದರೆ ಅವನು ಹಿಡಿದ ಅಳತೆಗೋಲು ತಪ್ಪೆಂದು ನನಗೆ ತೋರಿತು. ವಿಜ್ಞಾನದ ವಿದ್ಯಾರ್ಥಿಯಲ್ಲದ ನಾನು ಈ ವಿಷಯವಾಗಿ ಬರೆಯುವುದು ಅಧಿಕಪ್ರಸಂಗವೆನಿಸಿದರೆ ಗುರುಗಳು ಮನ್ನಿಸಬೇಕು. ನಾನು ಹೇಳಹೊರಟಿರುವುದು ರಾಕೆಟ್ಟಿನ ಶಾಸ್ತ್ರವನ್ನಲ್ಲ, ಅದನ್ನು ಕಟ್ಟುವವರ ರೀತಿಯನ್ನು.

ಈ ಸಂಘದ ಹೆಸರು ‘ಕೋಪನ್‌ಹೇಗನ್ ಸಬ್‌ಆರ್ಬಿಟಲ್ಸ್’. ಕೋಪನ್‌ಹೇಗನ್ ಬಂದರಿನ ಹಳೆಯ ಹಡಗು ಕಟ್ಟೆಯೊಂದರಲ್ಲಿ ಇವರ ಕಾರ್ಯಾಗಾರ. ಸದಸ್ಯರಿಗೆ ಸಂಬಳವಿಲ್ಲ. ಹೊಟ್ಟೆಪಾಡಿಗೆ ಬೇರೆ ಉದ್ಯೋಗ. ಬಿಡುವಿನ ಸಂಜೆ, ರಜೆಯ ದಿನಗಳು ಇದಕ್ಕೆ ಮೀಸಲು. ಹಣ ಬರುವುದು ಸಾಮಾನ್ಯ ಜನರ ಸಣ್ಣ ಸಣ್ಣ ದೇಣಿಗೆಗಳಿಂದ. ರಾಕೆಟ್ಟು ಊರಿನ ಮೇಲೆ ಬೀಳಬಾರದೆಂದು ಬಾರ್ನ್‌ಹೋಮ್ ದ್ವೀಪದ ಆಚೆ, ಬಾಲ್ಟಿಕ್ ಸಮುದ್ರದಲ್ಲಿ ತೇಲುವ ವೇದಿಕೆಯಿಂದ ಹಾರಿಸುತ್ತಾರೆ.

ಮೊದಲ ಪ್ರಯತ್ನ 2010ರ ಸೆಪ್ಟೆಂಬರಿನಲ್ಲಿ. ಗುಂಡಿ ಒತ್ತಿದರು, ರಾಕೆಟ್ಟು ಅಲುಗಲಿಲ್ಲ. ದ್ರವ ಆಮ್ಲಜನಕದ ಕವಾಟ ಹಿಮಗಟ್ಟಿ ಕುಳಿತಿತ್ತು. ಅದನ್ನು ಬೆಚ್ಚಗಿಡಲೆಂದು ಇಟ್ಟಿದ್ದುದು ಕೂದಲು ಒಣಗಿಸುವ ಒಂದು ಸಾಧಾರಣ ಯಂತ್ರ. ಅದಕ್ಕೆ ಕೊನೆಯ ಗಳಿಗೆಯಲ್ಲಿ ವಿದ್ಯುತ್ತು ಸಾಲದೆಹೋಯಿತು. ಜಗತ್ತು ನಕ್ಕಿತು. ಅವರು ಕಾರಣವನ್ನು ಮುಚ್ಚಿಡಲಿಲ್ಲ. 2011ರ ಜೂನ್ 3ರಂದು ರಾಕೆಟ್ಟು, ಮನುಷ್ಯನ ಬದಲು ಒಂದು ಬೊಂಬೆಯನ್ನು ಹೊತ್ತು, ಮೇಲೆದ್ದಿತು. ಆದರೆ ನೇರ ಹೋಗದೆ ವಾಲಿತು. ಇಂಜಿನ್ನನ್ನು ನಡುವೆಯೇ ಆರಿಸಬೇಕಾಯಿತು. ಏರಿದ್ದು ಮೂರು ಕಿಲೋಮೀಟರಿಗೂ ಕಡಮೆ.

ವಾಲಿದ ರಾಕೆಟ್ಟು ಮುಂದಿನ ಪಾಠವಾಯಿತು. ತನ್ನ ದಿಕ್ಕನ್ನು ತಾನೇ ತಿದ್ದಿಕೊಳ್ಳುವ ಚಿಕ್ಕ ರಾಕೆಟ್ಟೊಂದನ್ನು 2013ರಲ್ಲಿ ಹಾರಿಸಿದರು. ಅದು ನೆಟ್ಟಗೆ ಎಂಟು ಕಿಲೋಮೀಟರಿನಷ್ಟು ಏರಿತು. ದೊಡ್ಡದೊಂದನ್ನೂ ಕಟ್ಟಿದರು. 2014ರ ಆಗಸ್ಟಿನಲ್ಲಿ ಅದು ನೆಲದ ಮೇಲಿನ ಪರೀಕ್ಷೆಯಲ್ಲಿಯೇ ಹೊತ್ತಿ ಉರಿಯಿತು.

ಇಲ್ಲಿ ಅವರು ಮಾಡಿದ್ದನ್ನು ಗಮನಿಸಬೇಕು. ಹಟ ಹಿಡಿದು ಅದಕ್ಕಿಂತ ದೊಡ್ಡದನ್ನು ಕಟ್ಟಲಿಲ್ಲ. ಒಂದು ಮೆಟ್ಟಿಲು ಕೆಳಗಿಳಿದು ಚಿಕ್ಕದಕ್ಕೆ ಕೈಹಾಕಿದರು. 2016ರಲ್ಲಿ ಹಾರಿದ ‘ನೆಕ್ಸೊ’ ಮೊದಲನೆಯದಕ್ಕೆ ಪೂರ್ಣ ಬಲ ಬರಲಿಲ್ಲ. ಅದು ಸಮುದ್ರಕ್ಕೆ ಬಿದ್ದು ಹಾಳಾಯಿತು. ಎರಡನೆಯದರಲ್ಲಿ ಇಂಧನದ ಒತ್ತಡವನ್ನು ಹಾರಾಟದುದ್ದಕ್ಕೂ ಕಾಯ್ದುಕೊಳ್ಳುವ ಏರ್ಪಾಡು ಮಾಡಿದರು. 2018ರ ಆಗಸ್ಟ್ 4ರಂದು ಅದು ನೆಟ್ಟಗೆ ಏರಿತು, ಕೊಡೆ ಬಿಚ್ಚಿತು, ನೀರಿಗೆ ಮೆಲ್ಲನೆ ಇಳಿಯಿತು. ಅದನ್ನು ದಡಕ್ಕೆ ತಂದರು. ಮನುಷ್ಯನನ್ನು ಹೊರಬೇಕಾದ ‘ಸ್ಪೈಕಾ’ ಎಂಬ ದೊಡ್ಡ ರಾಕೆಟ್ಟು ಈ ಅನುಭವದ ಮೇಲೆಯೇ ನಿಲ್ಲಬೇಕಾದದ್ದು.

ಎತ್ತರವನ್ನೇ ಅಳೆದರೆ 2018ರ ಹಾರಾಟವು 2013ರದಕ್ಕಿಂತ ಹಿಂದೆ ಬಿದ್ದಿತು. ಆದರೂ ನಾನು ಅದನ್ನೇ ಪ್ರಗತಿಯೆನ್ನುತ್ತೇನೆ. ಏರುವುದು ಅರ್ಧ ವಿದ್ಯೆ. ಮನುಷ್ಯನನ್ನು ಕೂರಿಸಬೇಕೆಂದಿರುವವನಿಗೆ ಇಳಿಯುವುದೇ ಮಿಕ್ಕ ಅರ್ಧ. ಒಂದೊಂದು ಸೋಲಿಗೂ ಒಂದೊಂದು ಕಾರಣ ಹುಡುಕಿ, ಅದನ್ನು ಎಲ್ಲರೆದುರು ಹೇಳಿ, ಮುಂದಿನದರಲ್ಲಿ ತಿದ್ದಿಕೊಂಡರು. ಸಂಘವನ್ನು ಆರಂಭಿಸಿದ ಇಬ್ಬರೂ 2014ರಲ್ಲಿಯೇ ಅದನ್ನು ಬಿಟ್ಟುಹೋದರು. ಕೆಲಸ ನಿಲ್ಲಲಿಲ್ಲ. ಕಲಿತದ್ದು ಇಬ್ಬರ ತಲೆಯಲ್ಲಷ್ಟೇ ಇದ್ದಿದ್ದರೆ ಅದು ಅವರೊಡನೆ ಹೋಗುತ್ತಿತ್ತು.

ಇಂಥ ಅಪಾಯದ ಕೆಲಸ ಹವ್ಯಾಸಿಗಳಿಗೇಕೆ, ಸರ್ಕಾರಗಳು ಮಾಡುತ್ತಿಲ್ಲವೆ ಎಂದು ಕೇಳುವವರುಂಟು. ಅಪಾಯ ನಿಜ, ನಮ್ಮಲ್ಲಿ ಯಾರೂ ಪಟಾಕಿಯ ಮದ್ದು ಕೂಡಿಸಿ ಹಿತ್ತಲಿನಲ್ಲಿ ಇದನ್ನು ಅನುಕರಿಸತಕ್ಕದ್ದಲ್ಲ. ಆದರೆ ಹವ್ಯಾಸಿಯೆಂದರೆ ಅರೆಬೆಂದವನೆಂದು ತಿಳಿಯುವುದು ಕನ್ನಡಿಗರಿಗೆ ಶೋಭಿಸದು. ಕೈಲಾಸಂ, ಶ್ರೀರಂಗರ ನಾಟಕಗಳನ್ನು ರಂಗಕ್ಕೆ ತಂದವರು ಬಹುಮಟ್ಟಿಗೆ ಹವ್ಯಾಸಿಗಳೇ. ಹಗಲು ಕಚೇರಿಯಲ್ಲಿ ದುಡಿದು ರಾತ್ರಿ ಬಣ್ಣ ಹಚ್ಚಿದವರಿಂದ ನಮ್ಮ ರಂಗಭೂಮಿಗೆ ಹೊಸ ಉಸಿರು ಬರಲಿಲ್ಲವೆ?

ಈಗ ನನ್ನದೊಂದು ತಪ್ಪೊಪ್ಪಿಗೆ. ಮೊದಲ ವರ್ಷದಲ್ಲಿ ನಾವು ಎಂಟು ಮಂದಿ ಸೇರಿ ಭಿತ್ತಿಪತ್ರಿಕೆಯೊಂದನ್ನು ಆರಂಭಿಸಿದೆವು. ಮೂರು ಸಂಚಿಕೆ ಬಂದವು. ಮೂರನೆಯದು ಮಳೆಯ ಎರಚಲಿಗೆ ನೆನೆದು ಹರಿಯಿತು. “ಮುಂದಿನ ವಾರ ನೋಡೋಣ” ಎಂದೆವು. ಆ ವಾರ ಬರಲೇ ಇಲ್ಲ. ಕೇಳಿದವರಿಗೆ ಪರೀಕ್ಷೆಯ ನೆಪ ಹೇಳಿದೆವು. ನಿಜವಾದ ಕಾರಣ ಬೇರೆ: ಹಲಗೆಯಿದ್ದ ಜಾಗ ಸರಿಯಿರಲಿಲ್ಲ, ಬರೆಯುವ ಭಾರವೆಲ್ಲ ಇಬ್ಬರ ಮೇಲಿತ್ತು, ನೆನೆದ ಕಾಗದವನ್ನು ಕಂಡು ನಕ್ಕವರ ಎದುರು ಮತ್ತೆ ನಿಲ್ಲಲು ನಮಗೆ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸೋತೆನೆಂದು ಹೇಳುವುದು ನನಗೆ ಎಲ್ಲಕ್ಕಿಂತ ಕಷ್ಟದ ಮಾತಾಗಿತ್ತು. ಓದಿಸುತ್ತಿರುವವರ ಮುಖ ಎದುರಿಗೆ ಬರುತ್ತಿತ್ತು. ಈ ವರ್ಷ ಕಿರಿಯ ವಿದ್ಯಾರ್ಥಿಗಳು ಪತ್ರಿಕೆಯನ್ನು ಮತ್ತೆ ಹೊರಡಿಸಲು ಬಯಸಿ, ಹಿಂದಿನದು ಏಕೆ ನಿಂತಿತೆಂದು ನನ್ನನ್ನು ಕೇಳಿದರು. ಕೊಡಲು ನನ್ನ ಬಳಿ ಒಂದು ಹಾಳೆಯೂ ಇರಲಿಲ್ಲ. ನಮ್ಮ ಪತ್ರಿಕೆ ನಿಂತದ್ದು ಸೋಲಲ್ಲ. ಅದರ ಕಾರಣವನ್ನು ನಾವು ಬಚ್ಚಿಟ್ಟದ್ದೇ ಸೋಲು.

ನಮ್ಮ ಕಾಲೇಜಿನ ಸಂಘಗಳ ವಾರ್ಷಿಕ ವರದಿಗಳಲ್ಲಿ ನಡೆದ ಸಭೆಗಳ ಪಟ್ಟಿಯಿರುತ್ತದೆ. ನಡೆಯದೆಹೋದ ಕೆಲಸಗಳಿಗೂ ಅವುಗಳ ಕಾರಣಕ್ಕೂ ಒಂದು ಪುಟ ಮೀಸಲಿಡಬಾರದೇಕೆ? ಮುಂದೆ ಬರುವವರು ನಾವು ಎಡವಿದ ಕಲ್ಲನ್ನೇ ಮತ್ತೆ ಎಡವುವುದು ತಪ್ಪಬಹುದು.

ನಾನಂತೂ ಆ ಮೂರು ಸಂಚಿಕೆಗಳ ಕಥೆಯನ್ನು ನಾಲ್ಕು ಪುಟಗಳಲ್ಲಿ ಬರೆದು ಕಿರಿಯರ ಕೈಗೆ ಕೊಟ್ಟಿದ್ದೇನೆ. ಹಲಗೆಯನ್ನು ಅವರು ಈಗಾಗಲೇ ಮಳೆ ತಾಗದ ಗೋಡೆಗೆ ಸರಿಸಿದ್ದಾರೆ.